ಒಂದು ಗೇಣು ದಡಿ

ನಮ್ಮ ಮನೆಯಲ್ಲಿ ಅಂಚು ಕಟ್ಟಿಸಿಕೊಳ್ಳದೆ ಉಳಿದಿರುವುದು ನಾನೊಬ್ಬನೇ. ಉಳಿದದ್ದಕ್ಕೆಲ್ಲ ನನ್ನ ಹೆಂಡತಿ ಗಿರಿಜಾ ದಡಿ ಹಚ್ಚಿದ್ದಾಳೆ. ದಡಿ ಅಂದರೆ ನಮ್ಮ ಕಡೆ ಸೀರೆಯ ಅಂಚು. ಆದರೆ ಸೀರೆಯಲ್ಲೇ ಇರಬೇಕೆಂಬ ಕಾಯಿದೆ ನಮ್ಮ ಮನೆಯಲ್ಲಿ ಇಲ್ಲ. ಟೀವಿಯ ಮೇಲಿನ ಬಟ್ಟೆಗೆ ದಡಿ, ಮಿಕ್ಸರಿನ ಮುಸುಕಿಗೆ ದಡಿ, ಗ್ಯಾಸ್ ಸಿಲಿಂಡರಿಗೆ ಒಂದು ಲಂಗ, ಆ ಲಂಗಕ್ಕೂ ದಡಿ. ರಿಮೋಟಿಗೆ ಹೊಲಿದ ಚೀಲಕ್ಕೆ ಅದೆಷ್ಟು ಲೇಸು ಹಚ್ಚಿದ್ದಾಳೆಂದರೆ, ಗುಂಡಿ ಒತ್ತಬೇಕಾದರೆ ಮೊದಲು ಅದರ ಸೆರಗು ಸರಿಸಬೇಕು. ಅಷ್ಟರಲ್ಲಿ ವಾರ್ತೆ ಮುಗಿದು ಜಾಹೀರಾತು ಬಂದಿರುತ್ತದೆ. ನೀರಿನ ಕೊಡದ ಮೇಲೆ ಮುಚ್ಚುವ ಬಟ್ಟೆಗೆ ಸುತ್ತಲೂ ಮಣಿ. ಬಾಯಾರಿ ನೀರು ತುಂಬಿಕೊಳ್ಳಲು ಹೋದರೆ ಮಣಿಗಳು ಕೊಡಕ್ಕೆ ಬಡಿದು ಟಿಣ್ ಟಿಣ್ ಎನ್ನುತ್ತವೆ, ಒಳಗಿನಿಂದ "ಯಾರದು?" ಎಂದು ಕೂಗು ಬರುತ್ತದೆ. ನನ್ನದೇ ಮನೆಯಲ್ಲಿ ನಾನು ಕಳ್ಳನ ಹಾಗೆ ನೀರು ಕುಡಿಯುತ್ತೇನೆ.

ಒಂದು ದಿನ ತಡೆಯಲಾರದೆ ಕೇಳಿದೆ. "ಇದೆಲ್ಲಾ ಯಾಕ ಬೇಕಾಗೈತಿ ನಿನಗ?"

"ಅಂಚಿಲ್ಲದ ಬಟ್ಟಿ ಎಳಿ ಬಿಡ್ತೈತ್ರಿ," ಎಂದಳು.

"ಗ್ಯಾಸಿನ ಸಿಲಿಂಡರ್ ಎಳಿ ಬಿಡ್ತೈತೇನ?"

"ನಿಮ್ಮ ಸಂಗಾಟ ಮಾತಾಡೋದರಾಗ ಅರ್ಥಿಲ್ಲ," ಎಂದು ಸೂಜಿಗೆ ದಾರ ಪೋಣಿಸಿದಳು. ಅರ್ಥವಿಲ್ಲದವನು ನಾನು, ನೋಡಿ.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತನಾದವನು. ಅಲಂಕಾರ ಎಂದರೆ ನನಗೆ ಮೊದಲಿನಿಂದಲೂ ಭಯ. ನನ್ನ ಜೊತೆ ಬರುತ್ತಿದ್ದ ಡ್ರೈವರ್ ಒಬ್ಬ ಮುಂದಿನ ಗಾಜಿನ ಅಂಚಿಗೆ ಕುಚ್ಚಿನ ಜಾಲರಿ ಕಟ್ಟಿಕೊಂಡಿದ್ದ. ಕೆಂಪು, ಹಸಿರು, ಬಂಗಾರದ ಬಣ್ಣ, ನಡುನಡುವೆ ಕನ್ನಡಿ ಚೂರು. ಎದುರಿಗೆ ಎಮ್ಮೆ ಬಂದದ್ದು ಅವನಿಗೆ ಕಾಣಲಿಲ್ಲ. ಪುಣ್ಯಕ್ಕೆ ಎಮ್ಮೆಗೆ ಇವನು ಕಂಡ, ಅದೇ ದಾರಿ ಬಿಟ್ಟಿತು. ಇಂಥದ್ದೆಲ್ಲ ನೋಡಿ ನೋಡಿ ನನಗೆ ಸಾಕಾಗಿದೆ.

ಆದರೆ ತಪ್ಪೆಲ್ಲ ಗಿರಿಜಾಳದು ಎಂದರೆ ಅದು ಅನ್ಯಾಯವಾಗುತ್ತದೆ. ಮೂಲ ಅವ್ವ. ಬೆಟಗೇರಿಯ ನಮ್ಮ ಹಳೆಯ ಮನೆಯಲ್ಲಿ ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ, ಅವ್ವ ಪಕ್ಕದಲ್ಲಿ ಕುಳಿತು ನೂಲು ಸುತ್ತಿಕೊಡುತ್ತಿದ್ದಳು. ಅವಳಿಗೆ ಸೀರೆಯ ಮೈ ಕಾಣುತ್ತಲೇ ಇರಲಿಲ್ಲ. ಓಣಿಯ ಹೆಣ್ಣುಮಕ್ಕಳು ಹೊಸ ಸೀರೆ ತೋರಿಸಲು ಬಂದರೆ ಇವಳು ಮೊದಲು ದಡಿ ತಿರುಗಿಸಿ, ಉಗುರಿನಿಂದ ಕೆರೆದು, ಬಾಗಿಲ ಬೆಳಕಿಗೆ ಹಿಡಿದು ನೋಡುವಳು. ಆಮೇಲೆ ತುಟಿ ಸೊಟ್ಟ ಮಾಡುವಳು. ತಂದವರ ಮುಖ ಸಣ್ಣದಾಗುತ್ತಿತ್ತು.

ಸಣ್ಣವರಾದ ನಮಗೂ ದಡಿಯೇ ಗುರುತು. ನಮ್ಮ ಎತ್ತರಕ್ಕೆ ತಾಯಂದಿರ ಮುಖ ಎಲ್ಲಿ ಕಾಣಬೇಕು? ಸಂತೆಯ ಗದ್ದಲದಲ್ಲಿ ಕಣ್ಣ ಮುಂದೆ ಬರುತ್ತಿದ್ದದ್ದು ದಡಿ, ಕೈಗೆ ಸಿಗುತ್ತಿದ್ದದ್ದು ದಡಿ, ಮೂಗು ಒರೆಸಿಕೊಳ್ಳುತ್ತಿದ್ದದ್ದೂ ಅದಕ್ಕೇ. ಅವ್ವನದು ಕೆಂಪು ನೆಲದ ಮೇಲೆ ಹಳದಿ ಎಳೆಯ ಸಾಲು ಗೋಪುರ. ಒಮ್ಮೆ ಅಂಥದೇ ಕೆಂಪು ಕಂಡು ಗಟ್ಟಿಯಾಗಿ ಹಿಡಿದುಕೊಂಡವನು ಯಾರೋ ಹೆಣ್ಣುಮಗಳ ಹಿಂದೆ ಹೊಂಬಳದ ಬಸ್ಸಿನ ಬಾಗಿಲ ತನಕ ಹೋಗಿಬಿಟ್ಟಿದ್ದೆ. ಆಕೆ ತಿರುಗಿ, "ಅಯ್ಯ, ಯಾರ ಕೂಸಲೇ ನೀ?" ಎಂದಾಗಲೇ ನಾನು ಮೇಲೆ ನೋಡಿ ಅತ್ತದ್ದು. ಹುಡುಕಿಕೊಂಡು ಬಂದ ಅವ್ವ ಬೆನ್ನಿಗೊಂದು ಗುದ್ದು ಕೊಟ್ಟಳು. "ನನ್ನ ದಡಿ ಗುರ್ತ ಹತ್ಲಿಲ್ಲೇನ ನಿನಗ? ಅದು ಗಿರಣಿ ದಡಿ ಐತಿ, ಗಿರಣಿ ದಡಿ!" ಮಗ ಕಳೆದುಹೋದದ್ದಕ್ಕಲ್ಲ ಅವಳ ಸಿಟ್ಟು, ಗಿರಣಿಯ ದಡಿಗೂ ಮಗ್ಗದ ದಡಿಗೂ ವ್ಯತ್ಯಾಸ ತಿಳಿಯದ ಮಗ ಹುಟ್ಟಿದನಲ್ಲ ಎಂಬುದಕ್ಕೆ.

ಅಂಥವಳು ಅಂತೂರ ಬೆಂತೂರ ಎಂಬ ಊರಿಗೆ ನನಗೆ ಹೆಣ್ಣು ನೋಡಲು ಬಂದಳು. ಗಿರಿಜಾ ಚಹಾ ತಂದಿಟ್ಟಳು. ಎಲ್ಲರೂ ಹುಡುಗಿಯನ್ನು ನೋಡಿದರೆ ಅವ್ವ ಹುಡುಗಿ ಹೊಲಿದ ಮೇಜಿನ ಬಟ್ಟೆಯ ಅಂಚು ಎತ್ತಿ ನೋಡಿದಳು. "ಮೂಲ್ಯಾಗ ಎಳಿ ಬಿಟ್ಟೈತಿ," ಎಂದಳು. ಅತ್ತೆ ಸೊಸೆಗೆ ಆಡಿದ ಮೊದಲ ಮಾತು ಇದು. ಹೆಣ್ಣು ಒಪ್ಪಿಗೆಯಾಯಿತು, ಹೊಲಿಗೆ ಮಾತ್ರ ಕೊನೆತನಕ ಒಪ್ಪಿಗೆಯಾಗಲಿಲ್ಲ.

ಇದರಲ್ಲಿ ಒಂದು ಗಾಯ ಉಂಟು. ಅದನ್ನು ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ನಮ್ಮ ಮಗಳು ಸವಿತಾ ಹುಟ್ಟಿದಾಗ ತೊಟ್ಟಿಲಿನ ಕೌದಿ ಹೊಲಿಯಬೇಕಾಯಿತು. ಹಳೆಯ ಬಟ್ಟೆಗಳನ್ನು ಪದರ ಪದರ ಹಾಕಿ ಹೊಲಿಯುವ ಕೌದಿಗೆ ಸುತ್ತಲೂ ಅಜ್ಜಿಯ ಇಲ್ಲವೇ ಮುತ್ತಜ್ಜಿಯ ಸೀರೆಯ ದಡಿ ಬರಬೇಕು. ಬೇರೆ ಸೀರೆಯ ದಡಿ ಕೂಡಿಸಬಾರದು, ಹೊರಟ ತುದಿಗೆ ಕೊನೆಯ ತುದಿ ಬಂದು ಮುಟ್ಟಬೇಕು. ಇದು ಅವ್ವನ ಶಾಸ್ತ್ರ. ಗಿರಿಜಾ ಅವ್ವನ ಸೀರೆಯ ದಡಿಯನ್ನೇ ಹಚ್ಚಿದಳು, ಆದರೆ ಪ್ರತಿ ಮೂಲೆಯಲ್ಲೂ ಅದನ್ನು ಮಡಚಿ ಮಡಚಿ ಕಮಲ ಮಾಡಿದಳು. ಕಮಲಗಳು ದಡಿಯನ್ನು ತಿಂದವು. ಕೊನೆಗೆ ಒಂದು ಗೇಣು ಕಡಿಮೆ ಬಿತ್ತು. ಆಕೆ ತವರಿನಿಂದ ತಂದಿದ್ದ ಒಂದು ಹಳೆಯ ಸೀರೆಯ ದಡಿ ಜೋಡಿಸಿ ಮುಗಿಸಿದಳು. ಅದೂ ಕೆಂಪೇ, ಗೋಪುರದ ಬದಲು ಚುಕ್ಕಿಯಂಥ ಬಿಳಿ ಚಿಕ್ಕಿ, ಅಷ್ಟೇ.

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಓಣಿಯ ಹೆಣ್ಣುಮಕ್ಕಳೆಲ್ಲ ಕೂತಿದ್ದರು. ಅವ್ವ ಕೌದಿಯ ಸುತ್ತ ಬೆರಳು ಆಡಿಸುತ್ತ ಬಂದಳು. ಬೆರಳು ಒಂದು ಕಡೆ ನಿಂತಿತು. "ಇದು ಸುಳ್ಳ ದಡಿ," ಎಂದವಳೇ ಬ್ಲೇಡು ತರಿಸಿ, ಎಲ್ಲರ ಎದುರಿಗೆ, ಆ ಬದಿಯ ದಡಿಯನ್ನು, ಎರಡು ದಡಿ ಕೂಡಿದ ಜೋಡಿನ ಸಮೇತ, ಕತ್ತರಿಸಿ ತೆಗೆದಳು. ಪೆಟ್ಟಿಗೆಯಲ್ಲಿದ್ದ ತನ್ನ ದಡಿ ತಂದು ತಾನೇ ಹೊಲಿದಳು. ಬಾಣಂತಿ ಗಿರಿಜಾ ತಲೆಗೆ ಕಟ್ಟಿದ ಅರಿವೆಯೊಳಗೆ ಮುಖ ಇಳಿಸಿಕೊಂಡು ಕೂತಿದ್ದಳು. ನಾನು ಬಂದವರಿಗೆ ಹಂಚುವ ಗುಗ್ಗರಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಕಿತ್ತ ತುಂಡು ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ.

ಅವ್ವ ತೀರಿಕೊಂಡು ಎಷ್ಟೋ ಕಾಲವಾಯಿತು. ಈಗ ಸವಿತಾ ಹೆರಿಗೆಗೆ ನಮ್ಮಲ್ಲಿ ಬಂದಿದ್ದಾಳೆ, ಹೆಣ್ಣು ಕೂಸು. ಗಿರಿಜಾ ಪೆಟ್ಟಿಗೆಯ ತಳದಿಂದ ಅವ್ವನ ಸೀರೆಯ ಉಳಿದ ದಡಿಯ ಸುರುಳಿ ತೆಗೆದು ಕೌದಿಗೆ ಕೂತಳು. "ಈ ಸರ್ತಿ ಯಾರೂ ಬಾಯಿ ತೆಗೀಬಾರ್ದು, ಹಂಗ ಹೊಲಿತೇನಿ," ಎಂದಳು. ಹೊಲಿದಳು. ನಾಲ್ಕೂ ಮೂಲೆಗೆ ಮತ್ತೆ ಕಮಲ ಮಾಡಿದಳು!

ಮತ್ತೆ ಒಂದು ಗೇಣು ಕಡಿಮೆ ಬಿತ್ತು.

ನನಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. "ಅಲ್ಲಬೇ, ಅದ ತಪ್ಪು ಎಷ್ಟ ಸರ್ತಿ ಮಾಡ್ತಿ? ಒಂದು ಕಮಲ ಬಿಚ್ಚು, ಆತು."

"ಬಿಚ್ಚೂದಿಲ್ಲ. ಬಿಚ್ಚಿದ್ರ ನನ್ನ ಹೊಲಿಗಿ ಸರಿ ಇಲ್ಲಂತಿದ್ದ ಅತ್ತಿ ಮಾತ ಖರೆ ಆಗ್ತೈತಿ." ಅವಳ ಕಣ್ಣು ತುಂಬಿದ್ದವು. "ನಿಮ್ಮ ಅಣ್ಣನ ಮನ್ಯಾಗ, ಶಾಂತವ್ವನ ಮನ್ಯಾಗ ಅದ ಸೀರಿದು ದಡಿ ಐತಿ. ಒಂದ ಗೇಣ ಇಸ್ಕೊಂಡ ಬರ್ರಿ. ನಾಡದ ತೊಟ್ಟಲಕ ಹಾಕೋದೈತಿ."

ಹೀಗೆ ನಿವೃತ್ತ ಕಂಡಕ್ಟರ್ ಒಂದು ಗೇಣು ಬಟ್ಟೆಗಾಗಿ ಜಿಲ್ಲಾ ಸಂಚಾರ ಹೊರಟ. ಕೈಯಲ್ಲಿ ನನ್ನ ಹಳೆಯ ಬುತ್ತಿ ಚೀಲ. ಸವಿತಾ ಹುಟ್ಟಿದ ಹೊಸದರಲ್ಲೇ ನನಗೆ ಕೆಲಸ ಸಿಕ್ಕಾಗ ಅವ್ವ ಖಾಕಿ ಬಟ್ಟೆಯಲ್ಲಿ ಹೊಲಿದು, ಉದ್ದನೆಯ ಒಂದೇ ಹಿಡಿಕೆ ಹಚ್ಚಿಕೊಟ್ಟದ್ದು. ಮೈಬಟ್ಟೆ ಎರಡು ಸಲ ಬದಲಾದರೂ ಹಿಡಿಕೆ ಅದೇ. ಬೆವರು, ಎಣ್ಣೆ, ಬಸ್ಸಿನ ಧೂಳು ಕುಡಿದು ಎಮ್ಮೆಯ ಬಣ್ಣಕ್ಕೆ ತಿರುಗಿದೆ. ನನ್ನ ಸಾಮಾನಿನಲ್ಲಿ ಗಿರಿಜಾಳ ಲೇಸು ತಾಗದೆ ಉಳಿದಿರುವುದು ಇದೊಂದೇ. ಇದನ್ನು ನಾನು ಯಾರ ಕೈಗೂ ಕೊಡುವುದಿಲ್ಲ.

ಮೊದಲು ಗದಗಿನ ಲೇಸಿನ ಅಂಗಡಿಗೆ ಹೋದೆ. ಅಲ್ಲೇ ಸಿಕ್ಕಿಬಿಟ್ಟರೆ ಬಸ್ಸು ಹತ್ತುವುದು ತಪ್ಪೀತು ಎಂಬ ಆಸೆ. ಅಂಗಡಿಯ ದಾವಲಸಾಬ ನಾನು ಗುರುತಿಗೆಂದು ತಂದಿದ್ದ ದಡಿಯ ಚೂರನ್ನು ತಿರುಗಿಸಿ ನೋಡಿ ನಕ್ಕ.

"ಇದು ಕೈಮಗ್ಗದ್ದೈತ್ರಿ ಸಾಹೇಬ್ರ. ಇದರ ಜೋಡಿ ನಾ ಎಲ್ಲಿಂದ ತರ್ಲಿ? ಇದ ತಗೊಂಡ ಹೋಗ್ರಿ, ಫ್ಯಾಷನ್ ಐತಿ." ಗುಲಾಬಿ ಬಣ್ಣದ ಮೇಲೆ ಬಂಗಾರದ ಮಣಿಗಳು ಕುಣಿಯುತ್ತಿದ್ದ ಒಂದು ಲೇಸು ಹೊರಗೆ ಬಂತು. ಬೇಡವೆಂದೆ. "ನಮ್ಮ ವೈನಿಯವರಿಗೆ ಹಿಡಸ್ತೈತ್ರಿ, ನನಗ ಗೊತ್ತೈತಿ," ಎಂದು ಚೀಲಕ್ಕೆ ತುರುಕಿಯೇ ಬಿಟ್ಟ. ಗಿರಿಜಾ ಆ ಅಂಗಡಿಗೆ ಎಷ್ಟು ಹಳೆಯ ಗಿರಾಕಿ ಎಂದು ಆಗ ತಿಳಿಯಿತು.

ಲಕ್ಷ್ಮೇಶ್ವರದಲ್ಲಿ ನನ್ನ ತಂಗಿ ಶಾಂತವ್ವನ ಮನೆ. ಅವ್ವ ಹೋದ ಮೇಲೆ ನಾವು ಹಂಚಿಕೊಂಡದ್ದರಲ್ಲಿ ತನ್ನ ಪಾಲಿನ ದಡಿಯನ್ನು ಅವಳು ದೇವರ ಜಗಲಿಯ ಮುಂದಿನ ಪರದೆಗೆ ಹಚ್ಚಿಕೊಂಡಿದ್ದಾಳೆ. ಚಹಾ ಕೊಟ್ಟಳು, ಅವಲಕ್ಕಿ ಕೊಟ್ಟಳು, ಕೂಸು ಯಾರ ಹಾಗಿದೆ ಎಂದು ವಿಚಾರಿಸಿದಳು. ದಡಿ ಎಂದೊಡನೆ ಎದ್ದು ಹೋಗಿ ಪರದೆಗೆ ಅಡ್ಡ ನಿಂತಳು.

"ಸಣ್ಣಣ್ಣಾ, ಬ್ಯಾರೆ ಏನರ ಕೇಳು. ಬೇಕಾದ್ರ ಲಿಂಗದ ಬೆಳ್ಳಿ ಗುಂಡಗಡಗಿ ಒಯ್ಯಿ. ದಡಿಗೆ ಕತ್ತರಿ ಹಚ್ಚಾಕ ಕೊಡೂದಿಲ್ಲ."

"ಒಂದ ಗೇಣಲೇ. ಅದೂ ತುದಿಗೆ. ದೇವರೇನು ಅಳತಿ ಮಾಡಾಕ ಬರ್ತಾನೇನ?"

"ದಿನಾ ಮುಂಜಾನೆ ಪರದೆ ಸರಿಸೋ ಮುಂದ ಅವ್ವನ ಸೆರಗು ಹಿಡದಂಗ ಆಗ್ತೈತಿ ನನಗ. ನಿನಗ ತಿಳಿಯೂದಿಲ್ಲ. ನೀ ಗಂಡಸು."

ಗಂಡಸಾದ ತಪ್ಪಿಗೆ ಎದ್ದು ಹೊರಟೆ. ಒಂದು ತುಂಡು ಬಟ್ಟೆಗೆ ಇಷ್ಟು ಜಿಪುಣತನವೇ ಎಂದು ಬಸ್ ನಿಲ್ದಾಣದ ತನಕ ಒಬ್ಬನೇ ಗೊಣಗಿದೆ. ಶಿರಹಟ್ಟಿಯಲ್ಲಿ ಮುಂಡರಗಿಯ ಬಸ್ಸಿಗಾಗಿ ಕಾಯುತ್ತ ಮಿರ್ಚಿ ಭಜಿ ತಿನ್ನುತ್ತ ಮತ್ತೆ ಗೊಣಗಿದೆ. ಮಿರ್ಚಿ ಕಟ್ಟಿಕೊಟ್ಟ ಕಾಗದಕ್ಕೂ ಸುತ್ತಲೂ ಹೂಬಳ್ಳಿಯ ಅಂಚು ಅಚ್ಚು ಹಾಕಿತ್ತು. ಯಾರದೋ ಹಳೆಯ ಲಗ್ನಪತ್ರಿಕೆ. ಸಿಟ್ಟಿನಿಂದ ಮುದ್ದೆ ಮಾಡಿ ಒಗೆದೆ. ಕೈ ಒರೆಸಿಕೊಂಡದ್ದು ಚೀಲದ ಹಿಡಿಕೆಗೆ.

ಮುಂಡರಗಿಯ ಹತ್ತಿರ ಹೊಲದ ಮನೆಯಲ್ಲಿ ನನ್ನ ಅಣ್ಣ ಇದ್ದಾನೆ. ಮಗ್ಗ ಬಿಟ್ಟು ಒಕ್ಕಲುತನಕ್ಕೆ ಇಳಿದವನು. ಅವನು ಶಾಂತವ್ವನ ಹಾಗಲ್ಲ, ಕೇಳಿದ ಕೂಡಲೇ, "ಅದಕ್ಕೇನ್ ತಮ್ಮಾ, ಒಯ್ಯಿ, ಎಲ್ಲಾ ಒಯ್ಯಿ," ಎಂದು ಕೈ ಹಿಡಿದು ಅಂಗಳಕ್ಕೆ ಕರೆದೊಯ್ದ. ಅವನ ಪಾಲಿನ ದಡಿ ಮೊದಲು ಎತ್ತುಗಳ ಬೆನ್ನಿಗೆ ಹೊದಿಸುವ ಜೂಲಕ್ಕೆ ಇತ್ತಂತೆ. ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ಜೂಲದಿಂದ ಬಿಚ್ಚಿ ಟ್ರ್ಯಾಕ್ಟರಿನ ನೆರಳಿನ ಬಟ್ಟೆಗೆ ಹಚ್ಚಿದ್ದಾನೆ. ಅದು ಬಿಸಿಲಿಗೆ ಬೆಂದು, ಮಳೆಗೆ ತೊಯ್ದು, ಕೆಂಪೂ ಇಲ್ಲದೆ ಹಳದಿಯೂ ಇಲ್ಲದೆ ಹಳೆಯ ಸುಣ್ಣದ ಬಣ್ಣವಾಗಿತ್ತು. ಮುಟ್ಟಿದರೆ ಪುಡಿ. ಟ್ರ್ಯಾಕ್ಟರಿಗೆ ದಡಿ ಹಚ್ಚುವ ವಂಶದಲ್ಲಿ ನಾನು ಹುಟ್ಟಿದೆನಲ್ಲ ಎಂದು ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟೆ.

"ಹೋಗ್ಲಿ ಬಿಡು," ಎಂದು ಅಣ್ಣ ಶೇಂಗಾ ತುಂಬಿಕೊಡಲು ನನ್ನ ಕೈಯಿಂದ ಚೀಲ ತೆಗೆದುಕೊಂಡ. ತುಂಬುತ್ತಿದ್ದವನು ನಿಂತ. ಹಿಡಿಕೆಯನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿದ. ಹೆಬ್ಬೆರಳಿಗೆ ಉಗುಳು ಹಚ್ಚಿ ತಿಕ್ಕಿದ. ಕಪ್ಪಿನೊಳಗಿಂದ ಮೊದಲು ಕೆಂಪು ಬಂತು, ಆಮೇಲೆ ಹಳದಿ ಗೋಪುರದ ತುದಿ.

"ಲೇ ತಮ್ಮಾ, ಊರೆಲ್ಲಾ ತಿರಗಿ ಬಂದೀಯಲ್ಲ, ಕೈಯಾಗ ಹಿಡಕೊಂಡಿದ್ದ ಏನಿದು?"

ಗಿರಣಿ ದಡಿಗೂ ಮಗ್ಗದ ದಡಿಗೂ ವ್ಯತ್ಯಾಸ ತಿಳಿಯದವನಿಗೆ ಅವ್ವ ಅಂದು ಹೊಡೆದದ್ದು ಸರಿಯಾಗಿತ್ತು. ಆದರೆ ಆ ಗಳಿಗೆಯಲ್ಲಿ ನನಗೆ ನಾಚಿಕೆಯಾಗಲಿಲ್ಲ, ಸಿಟ್ಟು ಬಂತು. ಚೀಲ ಕಿತ್ತುಕೊಂಡೆ.

"ಇದು ನನ್ನ ಚೀಲೈತಿ."

"ಒಂದ ಗೇಣಲೇ," ಎಂದ ಅಣ್ಣ.

"ಅವ್ವ ಹೊಲಿದು ಕೊಟ್ಟಿದ್ದು. ಇದಕ್ಕ ಕತ್ತರಿ ಹಚ್ಚಾಕ ಕೊಡೂದಿಲ್ಲ."

ಅಣ್ಣ ಹೊಟ್ಟೆ ಹಿಡಿದು ನಕ್ಕ. ನಾನು ಆಡಿದ್ದು ಶಾಂತವ್ವನ ಮಾತೇ ಎಂದು ನನಗೆ ಗದಗಿನ ಬಸ್ಸಿನಲ್ಲಿ ಕುಳಿತ ಮೇಲೆ ಹೊಳೆಯಿತು. ದಾರಿಯುದ್ದಕ್ಕೂ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಅದರೊಳಗೆ ಅವ್ವ ಕಟ್ಟಿದ ರೊಟ್ಟಿ ಇರುತ್ತಿತ್ತು, ಅವಳ ನಂತರ ಗಿರಿಜಾ ಕಟ್ಟಿದ ರೊಟ್ಟಿ. ಹಿಡಿಕೆ ಒಮ್ಮೆಯೂ ಕಿತ್ತುಬಂದಿಲ್ಲ.

ಮನೆಗೆ ಬಂದು, "ಎಲ್ಲೂ ಸಿಗಲಿಲ್ಲ," ಎಂದೆ.

ಗಿರಿಜಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೌದಿಯನ್ನು ತೊಡೆಗೆ ಎಳೆದುಕೊಂಡು, ಬ್ಲೇಡು ತೆಗೆದುಕೊಂಡು, ಒಂದು ಮೂಲೆಯ ಕಮಲ ಬಿಚ್ಚಲು ಮೊದಲ ಹೊಲಿಗೆಗೆ ಮೊನೆ ಹಾಕಿದಳು. ಒಳಗಿನ ಕೋಣೆಯಲ್ಲಿ ಕೂಸು ಅಳುತ್ತಿತ್ತು. ಅವ್ವ ಸತ್ತ ಮೇಲೂ ಗೆಲ್ಲುತ್ತಿದ್ದಾಳೆ ಎನಿಸಿತು. ಶೇಂಗಾವನ್ನು ಮೊರಕ್ಕೆ ಸುರಿದು ಚೀಲವನ್ನು ಅವಳ ಮುಂದೆ ಇಟ್ಟೆ.

"ಅದನ್ನ ಬಿಡು. ಇದನ್ನ ಬಿಚ್ಚು."

ಅಣ್ಣ ತಿಕ್ಕಿದ್ದ ಜಾಗ ತೋರಿಸಿದೆ. ಹಿಡಿಕೆಯ ಹೊಲಿಗೆ ಬಿಚ್ಚಿದಳು. ಉದ್ದಕ್ಕೆ ಎರಡು ಮಡಿಕೆ ಹಾಕಿ ಹೊಲಿದಿದ್ದ ದಡಿ ಬಿಚ್ಚಿಕೊಂಡಿತು. ಒಳಗಿನ ಬಣ್ಣ ನಿನ್ನೆ ಮಗ್ಗದಿಂದ ಇಳಿಸಿದಷ್ಟು ಹೊಸದಾಗಿತ್ತು. ಗೋಪುರ, ಗೋಪುರ, ಗೋಪುರ. ನಡುವೆ ಒಂದು ಜೋಡು. ಅಲ್ಲಿಂದ ಮುಂದೆ ಬಿಳಿ ಚಿಕ್ಕಿ.

ಗಿರಿಜಾಳ ಕೈ ನಿಂತಿತು. ಜೋಡಿನ ಮೇಲೆ ಉಗುರು ಆಡಿಸಿದಳು, ಅವ್ವ ಮಾಡುತ್ತಿದ್ದ ಹಾಗೆಯೇ.

"ಇದು ನನ್ನ ಹೊಲಿಗಿ ಐತ್ರಿ," ಎಂದಳು. "ಅವತ್ತ ಅತ್ತಿ ಕಿತ್ತಿದ್ದು ಇದ."

ಅವ್ವ ಅದನ್ನು ಒಗೆದಿರಲಿಲ್ಲ. ಸುಳ್ಳು ದಡಿ ಎಂದು ಹತ್ತು ಮಂದಿಯ ಎದುರಿಗೆ ಕಿತ್ತವಳು, ಅದರ ಜೋಡು ಬಿಚ್ಚದೆ, ಮಗನ ಬುತ್ತಿಯ ಭಾರವೆಲ್ಲ ಬೀಳುವ ಜಾಗಕ್ಕೆ ಹಚ್ಚಿದ್ದಳು. ಗಟ್ಟಿ ಇದೆಯೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಸಾಯುವ ತನಕ ಬಾಯಿ ಬಿಡಲಿಲ್ಲ. ಎಂಥ ಹೆಂಗಸು, ಅವ್ವಾ, ನೀನು! ಒಂದು ಮಾತು ಆಡಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಈ ಸಿಲಿಂಡರಿನ ಲಂಗ, ರಿಮೋಟಿನ ಸೆರಗು, ಕೊಡದ ಮಣಿ ಇವೆಲ್ಲ ನನ್ನ ತಲೆಗೆ ಕಟ್ಟುವುದಾದರೂ ತಪ್ಪುತ್ತಿತ್ತು. ಗಿರಿಜಾ ಇಷ್ಟು ವರ್ಷ ಹೊಲಿದದ್ದೆಲ್ಲ ಆ ಒಂದು ಮಾತಿಗಾಗಿಯೇ ಇತ್ತೇನೋ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ದಡಿಯನ್ನು ಸಾಬೂನು ಹಚ್ಚಿ ತೊಳೆದು ಒಣಹಾಕಿದಳು. ಮರುದಿನ ಅಳತೆ ಹಿಡಿದಾಗ ನಾನು ನನ್ನ ಜಾಣತನ ತೋರಿಸಿದೆ.

"ಗೋಪುರದ ಕಡೆದ ಒಂದ ಗೇಣ ಬರೋಬ್ಬರಿ ಐತಿ. ಜೋಡಿನ ಹತ್ರ ಕತ್ತರಿಸಿಬಿಡು, ಅವ್ವನ ದಡಿ ಅವ್ವನ ದಡಿಗೆ ಕೂಡ್ತೈತಿ. ಯಾರೂ ಏನೂ ಅನ್ನೂದಿಲ್ಲ."

ಗಿರಿಜಾ ನನ್ನನ್ನು ಒಮ್ಮೆ ನೋಡಿದಳು. ಜೋಡು ನಟ್ಟನಡುವೆ ಬರುವಂತೆ ಇಟ್ಟುಕೊಂಡು ಎರಡೂ ತುದಿ ಕತ್ತರಿಸಿದಳು, ಹೊಲಿದಳು.

ತೊಟ್ಟಿಲ ದಿನ ಅಣ್ಣ ಬಂದ, ಶಾಂತವ್ವ ಬಂದಳು, ಓಣಿಯವರು ಬಂದರು. ನನಗೆ ಮತ್ತೆ ಗುಗ್ಗರಿಯ ತಟ್ಟೆ. ಈ ಮನೆಯಲ್ಲಿ ನನ್ನ ಕೆಲಸ ಬದಲಾಗುವುದೇ ಇಲ್ಲ. ಗೋಡೆಯ ಗೂಟದಲ್ಲಿ ನನ್ನ ಚೀಲ ನೇತಾಡುತ್ತಿತ್ತು. ಅದಕ್ಕೆ ಈಗ ದಾವಲಸಾಬನ ಗುಲಾಬಿ ಲೇಸಿನ ಹಿಡಿಕೆ, ಬಂಗಾರದ ಮಣಿಗಳ ಸಮೇತ. ಬಂದವರೆಲ್ಲ ಅದನ್ನೂ ನೋಡಿ ನನ್ನನ್ನೂ ನೋಡುತ್ತಿದ್ದರು.

ಶಾಂತವ್ವ ಕೌದಿಯನ್ನು ಮಡಿಲಿಗೆ ತೆಗೆದುಕೊಂಡು ಸುತ್ತಲೂ ಬೆರಳು ಆಡಿಸಿದಳು, ಥೇಟ್ ಅವ್ವನೇ. ಮೊದಲ ಕಮಲ, ಎರಡನೆಯ ಕಮಲ. ಬೆರಳು ಆ ಜಾಗಕ್ಕೆ ಬಂದು ನಿಂತಿತು.

"ವೈನಿ, ಇಲ್ಲೆ ಬ್ಯಾರೆ ದಡಿ ಕೂಡ್ಸೀರಲ್ಲ?"

ಕೂತವರೆಲ್ಲ ಕೊರಳು ಚಾಚಿದರು. ಗಿರಿಜಾ ಕೂಸನ್ನು ಭುಜಕ್ಕೆ ಹಾಕಿಕೊಂಡು ತಟ್ಟುತ್ತಿದ್ದಳು. ತಟ್ಟುವುದನ್ನು ನಿಲ್ಲಿಸಲಿಲ್ಲ, ಮುಖವನ್ನೂ ಇಳಿಸಲಿಲ್ಲ.

"ಹೌದು, ನಂದ ಅದು," ಎಂದಳು. "ಎಳದ ನೋಡು."